ಗಾಂಧಾರ ಕೂತಿತು, ಇಳಿಯುವಾಗ ಮಾತ್ರ

ಇವತ್ತು ಬೆಳಿಗ್ಗೆ ಮಾಯಾಮಾಳವಗೌಳ ರಾಗದ ಗಾಂಧಾರ, ಅಂದರೆ ಸರಿಗಮದ ಗ, ತಂಬೂರಿಯೊಳಗೆ ಸೇರಿಹೋಯಿತು. ನನ್ನ ದನಿ ಯಾವುದು, ತಂತಿಯದು ಯಾವುದು ಅಂತ ಎರಡು ಕ್ಷಣ ಗೊತ್ತಾಗಲಿಲ್ಲ. ಖುಷಿಗೆ ಕಣ್ಣು ತುಂಬಿತು.

ಎರಡು ತಿಂಗಳಿಂದ ಇದೊಂದೇ ಜಗಳ. ಸ, ಪ ಸರಿ. ಗ ಹಿಡಿದರೆ ಸಾಕು, ಮೇಷ್ಟ್ರು "ಏರ್ತಿದೆ ಕಣಮ್ಮ, ಇಳಿಸು" ಅನ್ನುತ್ತಿದ್ದರು. ಶ್ರುತಿ ಸರಿಯಿದೆಯೇ ಅಂತ ತೋರಿಸುವ ಫೋನಿನ ಟ್ಯೂನರ್ ನೋಡಿದರೆ ಮುಳ್ಳು ನಟ್ಟನಡುವೆ, ಹಸಿರು ದೀಪ. ನಾನು ದೀಪವನ್ನೇ ನಂಬಿದೆ.

ನನ್ನದು ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯೇ ನನ್ನ ಸ, 196 ಹರ್ಟ್ಸ್. ಟ್ಯೂನರ್‌ಗೆ ಗೊತ್ತಿರುವುದು ಕೀಬೋರ್ಡಿನ ಗಾಂಧಾರ, ಹತ್ತಿರಹತ್ತಿರ 247. ತಂಬೂರಿ ಕೇಳುವುದು 245. ಸ 4 ಪಾಲಾದರೆ ಗ 5 ಪಾಲು. ಎರಡೇ ಹರ್ಟ್ಸ್ ಅಲ್ವಾ ಅನಿಸಬಹುದು. ಆದರೆ 98ರಲ್ಲಿ ಮಿಡಿಯುವ ಮಂದ್ರ ತಂತಿಯಲ್ಲಿ (ಕೆಳಗಿನ ಸ ನುಡಿಯುವ ತಂತಿ) ಅದರ ಐದು ಪಟ್ಟು, ಅಂದರೆ 490 ಕೂಡ ಕೇಳುತ್ತದೆ. ನಾನು 247 ಹಾಡಿದರೆ ನನ್ನ ದನಿಯೊಳಗಿನ ಎರಡು ಪಟ್ಟು 494. ಇವೆರಡೂ ತಿಕ್ಕಾಡಿ ಸೆಕೆಂಡಿಗೆ ನಾಲ್ಕು ಸಲ ಊಂವ್ ಊಂವ್ ಅಂತ ಅಲುಗುತ್ತವೆ. ಮೇಷ್ಟ್ರ ಕಿವಿಗೆ ಚುಚ್ಚುತ್ತಿದ್ದುದು ಅದೇ.

ನನಗೇಕೆ ಕೇಳಿಸಲಿಲ್ಲ? ನನ್ನ ತಂಬೂರಿಗೆ ಮೂಗು ಕಟ್ಟಿದ ಹಾಗಿತ್ತು. ಮಂದ್ರಕ್ಕೆ ಹಿತ್ತಾಳೆ ತಂತಿ ಕೇಳಿದರೆ ಅಂಗಡಿಯವರು ಉಕ್ಕಿನದು ಕಳಿಸಿದರು. ವಾಪಸ್ ಮಾಡಿದೆ. ಮತ್ತೆ ಉಕ್ಕಿನದೇ ಬಂತು! ಚೀಟಿಯ ಮೇಲೆ ಮಾತ್ರ ಹಿತ್ತಾಳೆ. ಮೂರು ವಾರ ಸುಮ್ನೆ ಹಾಳಾಯಿತು, ಬಹಳ ಕೋಪ ಬಂತು. ಕೊನೆಗೆ ಬೇರೆ ಕಡೆ ಸಿಕ್ಕಿತು. ನಿನ್ನೆ ರಾತ್ರಿ ಅದನ್ನು ಬಿಗಿದು, ತಂತಿಗಳನ್ನು ಹೊತ್ತ ಕುದುರೆಯ ಮೇಲಿನ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದೆ. ಒಂದು ಜಾಗದಲ್ಲಿ ತಂತಿಯ ದನಿ ಥಟ್ಟನೆ ಬಿಚ್ಚಿಕೊಂಡಿತು. ಒಳಗಿಂದ ಗಾಂಧಾರ ತಾನಾಗೇ ಎದ್ದು ಬಂತು. ಸ್ವಯಂಭೂ ಗಾಂಧಾರ ಅಂತ ಕರೆಯುವುದು ಇದನ್ನೇ.

ಬೆಳಿಗ್ಗೆ ಫೋನು ಆಚೆ ಇಟ್ಟೆ. ಅಕಾರದಲ್ಲಿ, ಬರೀ 'ಆ' ಅನ್ನುತ್ತಾ, ಮೇಲಿನಿಂದ ಇಳಿದೆ: ಪ, ಮ, ಗ. ಜೋರು ಮಾಡಿದರೆ ನನ್ನ ದನಿ ಏರುತ್ತದೆ, ಅದಕ್ಕೇ ಮೆಲ್ಲಗೆ. ಅಲುಗಾಟ ನಿಧಾನವಾಯಿತು. ಆಮೇಲೆ ನಿಂತೇ ಹೋಯಿತು.

ಅಂದ ಹಾಗೆ, ಅಟ್ಟದ ಮೇಲೆ ತಾತನ ಕಾಲು ಹಾರ್ಮೋನಿಯಂ ಇದೆ. ಅದರ ಗಾಂಧಾರದ ರೀಡನ್ನೂ (ದನಿ ಹೊರಡಿಸುವ ಲೋಹದ ಪಟ್ಟಿ) 14 ಸೆಂಟ್, ಅಂದರೆ 247ರಿಂದ 245ಕ್ಕೆ ಇಳಿಯುವಷ್ಟು, ಇಳಿಸುವ ಆಸೆ ಹುಟ್ಟಿದೆ. ರೀಡಿನ ತುದಿ ಕೆರೆದರೆ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಮೊದಲು ಯಾವುದಾದರೂ ಕೆಟ್ಟ ರೀಡಿನ ಮೇಲೆ ಕೈ ಪಳಗಿಸಬೇಕು. ಆಮೇಲೆ ಆ ಪೆಟ್ಟಿಗೆ ಐದು ಮನೆಗೆ ಮಾತ್ರ ಒಗ್ಗುತ್ತದೆ. ಇರಲಿ, ಮನೆಯಲ್ಲಿ ಹಾಡುವವಳು ನಾನೊಬ್ಬಳೇ.

ಏರುವಾಗ ಗ ಇನ್ನೂ ತಪ್ಪುತ್ತಿದೆ. ಮ ಬಿಟ್ಟು ಗ ಹಿಡಿಯುವುದು ಪುಟ್ಟ ಹೆಜ್ಜೆ. ರಿ ಬಿಟ್ಟು ಗ ಹಿಡಿಯಲು ಅದರ ಸುಮಾರು ಎರಡೂವರೆ ಪಟ್ಟು ಹಾರಬೇಕು. ಆ ರಭಸಕ್ಕೆ ದಾಟಿಬಿಡುತ್ತೇನೆ. ಈಗ ರಿ ಹಾಡಿ, ನಿಲ್ಲಿಸಿ, ತಂಬೂರಿಯಲ್ಲಿ ಗ ಹುಡುಕಿ, ಆಮೇಲೆ ಬಾಯಿ ತೆರೆಯುತ್ತಿದ್ದೇನೆ. ಹತ್ತಕ್ಕೆ ನಾಲ್ಕು ಸಲ ಕೂರುತ್ತಿದೆ. ದ, ನಿ ನಡುವೆಯೂ ಇಷ್ಟೇ ಅಂತರ. ಅದು ನಾಳೆ ಬೆಳಿಗ್ಗೆ.