ಹಳೆಯ ಕೆಟಲ್ ಗ್ರಿಲ್‌ನಲ್ಲಿ ಪಿಂಗಾಣಿ ಚಕ್ಕೆ ಎದ್ದಿದ್ದರೆ

ಕೆಟಲ್ ಗ್ರಿಲ್ ಅಂದರೆ ಕೆಂಡದಲ್ಲಿ ಬೇಯಿಸುವ ದುಂಡನೆ ಒಲೆ: ಕೆಳಗೆ ಬಟ್ಟಲು, ಮೇಲೆ ಮುಚ್ಚಳ, ಎರಡಕ್ಕೂ ಪಿಂಗಾಣಿ ಲೇಪ. ಅಮೆರಿಕದಲ್ಲಿ ಮನೆ ಮುಂದೆ ಹಳೆ ಸಾಮಾನು ಮಾರುವ ಗರಾಜ್ ಸೇಲ್‌ಗಳಲ್ಲಿ ಸಿಗುವ ವೆಬರ್ ಕಂಪನಿಯ ಹಳೆಯ ಕೆಟಲ್ ಗ್ರಿಲ್‌ಗಳಲ್ಲಿ ಅಂಚು, ಕಾಲು ಸಿಕ್ಕಿಸುವ ಜಾಗ, ಹಿಡಿಕೆಯ ಸ್ಕ್ರೂ ಸುತ್ತ ಪಿಂಗಾಣಿ ಎದ್ದಿರುವುದು ಮಾಮೂಲಿ. ಹೋದ ಪಿಂಗಾಣಿಯನ್ನು ಮನೆಯಲ್ಲಿ ಮರಳಿ ತರಲು ಆಗುವುದಿಲ್ಲ. ಅದು ಬಣ್ಣವಲ್ಲ, ಉಕ್ಕಿನ ತಗಡಿನ ಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಕೂರಿಸಿದ ಗಾಜು. ನಾವು ಮಾಡಬಹುದಾದದ್ದು ಬರಿದಾದ ಉಕ್ಕಿಗೆ ತುಕ್ಕು ಹರಡದಂತೆ ತಡೆಯುವುದು, ಅಷ್ಟೇ.

ಈ ಗಾಜು ಒತ್ತಡ ತಾಳುತ್ತದೆ, ಬಾಗಿದರೆ ತಾಳುವುದಿಲ್ಲ. ಮುಚ್ಚಳ ಕೈಜಾರಿ ತಗಡು ನೆಗ್ಗಿದರೆ, ಸ್ಕ್ರೂ ಅತಿಯಾಗಿ ಬಿಗಿದರೆ, ಕಾದ ಮುಚ್ಚಳದ ಮೇಲೆ ತಣ್ಣೀರು ಬಿದ್ದರೆ ಚಕ್ಕೆ ಹಾರುತ್ತದೆ. ಆಮೇಲೆ ತುಕ್ಕು ಅಂಚಿನಡಿ ನುಸುಳಿ ಪಕ್ಕದ ಪಿಂಗಾಣಿಯನ್ನೂ ಎಬ್ಬಿಸುತ್ತದೆ. ಕಾಳಷ್ಟಿದ್ದ ಕಲೆ ಎರಡು ಮಳೆಗಾಲದಲ್ಲಿ ಅಂಗೈಯಗಲ ಆಗುವುದು ಹೀಗೆ.

ಮುಚ್ಚಳದ ಒಳಗೆ ಹಪ್ಪಳದ ಹಾಗೆ ಕಪ್ಪು ಪದರ ಏಳುತ್ತಿದ್ದರೆ ಗಾಬರಿ ಬೇಡ. ಅದು ಪಿಂಗಾಣಿಯಲ್ಲ, ಹೊಗೆ ಮತ್ತು ಜಿಡ್ಡು ಸುಟ್ಟು ಕಟ್ಟಿದ ಮಸಿ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಪಿಂಗಾಣಿ ಚೂರು ಪುಡಿಯಾಗದೆ ಚುಚ್ಚುತ್ತದೆ. ಮಸಿಯನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ಸೋಪಿನ ಬಿಸಿನೀರಲ್ಲಿ ತೊಳೆದರೆ ಸಾಕು.

ಕೊಳ್ಳುವ ಮೊದಲು ಬಟ್ಟಲಿನ ತಳ ನೋಡಿ. ಒದ್ದೆ ಬೂದಿ ತೇವವನ್ನು ಬಿಡುವುದಿಲ್ಲ. ಉಕ್ಕನ್ನು ತಿನ್ನುವುದು ಅದೇ. ಗಾಳಿಕಿಂಡಿಗಳ ಸುತ್ತ, ಕಾಲಿನ ಸಾಕೆಟ್ ಬೆಸುಗೆಯ ಬಳಿ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ. ಬರೀ ಕಲೆಯಾದರೆ ಸರಿಮಾಡಬಹುದು. ಮೊನೆ ಒಳಗಿಳಿದರೆ ಆ ಬಟ್ಟಲನ್ನು ಬಿಟ್ಟುಬಿಡಿ. ಕೆಂಡ ತುಂಬಿದಾಗ ಕಾಲು ಕಳಚಿಕೊಂಡರೆ ಅನಾಹುತ.

ಇನ್ನು ಹೊರಗಿನ ಚಕ್ಕೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ, ಹಾರುವುದು ಗಾಜು. ಸಡಿಲವಾದ ಅಂಚನ್ನೆಲ್ಲ ವೈರ್ ಬ್ರಷ್‌ನಿಂದ ಬಿಡಿಸಿ. ಗಟ್ಟಿಯಾಗಿ ಕೂತದ್ದನ್ನು ಸುತ್ತಿಗೆಯಿಂದ ಕೆದಕಬೇಡಿ. 80 ನಂಬರಿನ ಒರಟು ಸ್ಯಾಂಡ್ ಪೇಪರ್‌ನಿಂದ ಉಕ್ಕು ಹೊಳೆಯುವವರೆಗೆ ತುಕ್ಕು ತೆಗೆದು, ಆಮೇಲೆ 220ರ ನಯವಾದದ್ದರಿಂದ ಪಿಂಗಾಣಿಯ ಅಂಚನ್ನು ಇಳಿಜಾರು ಮಾಡಿ. ಮೆಟ್ಟಿಲಿನಂಥ ಅಂಚು ಉಳಿದರೆ ಬಣ್ಣ ಮೊದಲು ಬಿರುಕು ಬಿಡುವುದು ಅಲ್ಲೇ. ಪಕ್ಕದ ಪಿಂಗಾಣಿಯನ್ನೂ ಒಂದು ಸೆಂಟಿಮೀಟರ್‌ನಷ್ಟು ತುಸು ಉಜ್ಜಿ, ಇಲ್ಲದಿದ್ದರೆ ನುಣ್ಣನೆ ಗಾಜಿಗೆ ಬಣ್ಣ ಕಚ್ಚುವುದಿಲ್ಲ. ಅಸಿಟೋನ್ ಹಾಕಿದ ಬಟ್ಟೆಯಿಂದ ಜಿಡ್ಡು ಒರೆಸಿದ ಮೇಲೆ ಬೆರಳು ತಾಗಿಸಬೇಡಿ.

ಬಣ್ಣ ಆರಿಸುವಾಗ ಡಬ್ಬಿಯ ಮೇಲಿನ ತಾಪಮಾನ ಓದಿ. 600 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯದು ಕೆಂಡದ ಮಟ್ಟದಲ್ಲಿ ನಿಲ್ಲುವುದಿಲ್ಲ, 200 ಡಿಗ್ರಿಯದಂತೂ ಗುಳ್ಳೆ ಏಳುತ್ತದೆ. ನಮ್ಮ ಕಡೆ ಬೈಕ್ ಸೈಲೆನ್ಸರ್‌ಗೆ ಹೊಡೆಯುವ ಕಪ್ಪು ಸ್ಪ್ರೇ ಬಿಸಿ ತಾಳುವ ಜಾತಿಯದು. ಸಿಂಕ್, ಬಾತ್‌ಟಬ್‌ಗೆಂದು ಮಾರುವ ಪಿಂಗಾಣಿ ಟಚ್‌ಅಪ್ ಎಪಾಕ್ಸಿಯನ್ನು ಹತ್ತಿರಕ್ಕೂ ತರಬೇಡಿ. ಬಿಸಿಗೆ ಮೆತ್ತಗಾಗಿ ಸುಟ್ಟ ವಾಸನೆ ಬರುತ್ತದೆ.

ಸುತ್ತ ಮಾಸ್ಕಿಂಗ್ ಟೇಪ್ ಹಚ್ಚಿ, ಸುಮಾರು 25 ಸೆಂಟಿಮೀಟರ್ ದೂರದಿಂದ ತೆಳುವಾಗಿ ಎರಡು ಮೂರು ಕೋಟ್ ಹೊಡೆಯಿರಿ, ನಡುವೆ 10–15 ನಿಮಿಷ ಬಿಡಿ. ಸಣ್ಣ ಚಕ್ಕೆಗೆ ಸ್ಪ್ರೇಯನ್ನು ಬಾಟಲಿ ಮುಚ್ಚಳಕ್ಕೆ ಹೊಡೆದುಕೊಂಡು ಬ್ರಷ್‌ನಿಂದ ಮುಟ್ಟಿಸುವುದೇ ಮೇಲು. ಮುಚ್ಚಳ ಕೂರುವ ಅಂಚಿನಲ್ಲಿ ಒಂದೇ ತೆಳು ಕೋಟ್ ಸಾಕು. ದಪ್ಪವಾದರೆ ಮುಚ್ಚಳ ಸರಿಯಾಗಿ ಕೂರದೆ ಗಾಳಿ ಸೋರುತ್ತದೆ.

ಒಂದು ದಿನ ಒಣಗಿದರೂ ಈ ಬಣ್ಣ ಉಗುರಿಗೆ ಕಿತ್ತು ಬರುತ್ತದೆ, ಗಟ್ಟಿಯಾಗುವುದು ಬಿಸಿ ಕಂಡ ಮೇಲೆ. ಮೊದಲು 20–25 ಬ್ರಿಕೆಟ್‌ನ (ಅಚ್ಚೊತ್ತಿದ ಇದ್ದಿಲ ಉಂಡೆ) ಸಣ್ಣ ಬೆಂಕಿಯಲ್ಲಿ 120 ಡಿಗ್ರಿ ಆಸುಪಾಸು ಅರ್ಧ ಗಂಟೆ, ಆಮೇಲೆ ಇದ್ದಿಲು ಸೇರಿಸಿ 200–230 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ, ತಾನಾಗಿ ತಣಿಯಲು ಬಿಡಿ. ಡಬ್ಬಿಯ ಮೇಲೆ ಬೇರೆ ಸೂಚನೆಯಿದ್ದರೆ ಅದೇ ಅಂತಿಮ. ಹೊಗೆ, ಕಮಟು ವಾಸನೆ ಇರುತ್ತದೆ, ಆ ಬೆಂಕಿಯಲ್ಲಿ ಏನೂ ಬೇಯಿಸಬೇಡಿ.

ಒಳಭಾಗಕ್ಕೆ ಬಣ್ಣವೇ ಬೇಡ, ಅದು ಊಟದ ಪಕ್ಕದಲ್ಲಿರುತ್ತದೆ. ತುಕ್ಕು ತೆಗೆದು ಅಡುಗೆ ಎಣ್ಣೆಯನ್ನು ತೀರಾ ತೆಳುವಾಗಿ ಸವರಿ ಕಾಯಿಸಿ, ಕಬ್ಬಿಣದ ಕಾವಲಿ ಪಳಗಿಸುವ ಕ್ರಮವೇ. ತಳದಲ್ಲಿ ಮಾತ್ರ ಈ ಎಣ್ಣೆಯ ಪದರ ಉರಿದುಹೋಗುತ್ತದೆ, ಅಲ್ಲಿ ನಡೆಯುವುದು ಬೂದಿ ತೆಗೆದುಹಾಕುವ ಶಿಸ್ತೊಂದೇ: ಪೂರ್ತಿ ತಣಿದ ಮೇಲೆ, ಮಳೆ ಬೀಳುವ ಮೊದಲು.

ಹಿಡಿಕೆಯನ್ನು ಮತ್ತೆ ಜೋಡಿಸುವಾಗ ಸ್ಕ್ರೂ ಕೆಳಗೆ ಅಗಲವಾದ ಸ್ಟೀಲ್ ವಾಷರ್ ಹಾಕಿ, ಕೈಬಿಗಿಯ ಮೇಲೆ ಕಾಲು ಸುತ್ತಷ್ಟೇ ತಿರುಗಿಸಿ. ಬೇರೆ ಗ್ರಿಲ್‌ಗಳ ಪಿಂಗಾಣಿ ಲೇಪದ ಎರಕದ ಜಾಲರಿಯಲ್ಲಿ ಚಕ್ಕೆ ಏಳುತ್ತಿದ್ದರೆ ಮಾತ್ರ ರಿಪೇರಿಗೆ ಇಳಿಯಬೇಡಿ, ಜಾಲರಿಯನ್ನೇ ಬದಲಿಸಿ. ಅದರ ಚೂರು ಮಾಂಸಕ್ಕೆ ಅಂಟಿಕೊಂಡರೆ ಕಣ್ಣಿಗೂ ಕಾಣುವುದಿಲ್ಲ.