ಮಗಳ ತೂಕದ ಬೆಳ್ಳಿ

ಬಾಸ್ಟನ್ನಿನ ಟ್ರೆಮಾಂಟ್ ಬೀದಿಯ ಗ್ರಾನರಿ ಸ್ಮಶಾನಕ್ಕೆ ಆ ಹೆಸರು ಬಂದದ್ದು ಹಿಂದೆ ಪಕ್ಕದಲ್ಲಿದ್ದ ಧಾನ್ಯದ ಕಣಜದಿಂದ. ಅಲ್ಲಿಗೆ ಬರುವ ಹೆಚ್ಚಿನವರು ಅಮೆರಿಕದ ಸ್ವಾತಂತ್ರ್ಯವೀರರ ಸಮಾಧಿಗಳನ್ನು ಅರಸುತ್ತಾರೆ. ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ಹೋದದ್ದು ಜಾನ್ ಹಲ್ ಎಂಬ ಅಕ್ಕಸಾಲಿಗನಿಗಾಗಿ.

ಮ್ಯಾಸಚೂಸೆಟ್ಸ್ ವಸಾಹತಿನ ಶಾಸನಸಭೆ 1652ರಲ್ಲಿ ಹಲ್‌ನ ಕೈಗೆ ಟಂಕಸಾಲೆಯನ್ನು ಒಪ್ಪಿಸಿದಾಗ, ನಾಣ್ಯ ಒತ್ತಿಸುವ ಹಕ್ಕುಳ್ಳ ರಾಜನೇ ಇಂಗ್ಲೆಂಡಿನಲ್ಲಿ ಇರಲಿಲ್ಲ. ಪೇಟೆಯಲ್ಲಿ ಓಡಾಡುತ್ತಿದ್ದ, ಅಂಚು ಕತ್ತರಿಸಿ ತೂಕ ಕಳೆದುಕೊಂಡ ಸ್ಪೇನಿನ ನಾಣ್ಯಗಳನ್ನು ಕರಗಿಸಿ, ಹಲ್ ಮತ್ತು ಅವನ ಜೊತೆಗಾರ ರಾಬರ್ಟ್ ಸ್ಯಾಂಡರ್ಸನ್ ಮೊದಲು ಬರೀ ‘ಎನ್‌ಇ’ (ನ್ಯೂ ಇಂಗ್ಲೆಂಡ್) ಎಂಬ ಅಕ್ಷರಗಳನ್ನೂ, ಅನಂತರ ವಿಲೋ, ಓಕ್ ಮತ್ತು ಕೊನೆಗೆ ಪೈನ್ ಮರವನ್ನೂ ಒತ್ತಿದರು. ಟಂಕಸಾಲೆ 30 ವರ್ಷ ನಡೆದರೂ ಷಿಲಿಂಗುಗಳ ಮೇಲಿನ ಇಸವಿ ಮಾತ್ರ 1652ರಿಂದ ಕದಲಲಿಲ್ಲ.

ಹಲ್‌ನ ಮಗಳು ಹನ್ನಾ 1676ರಲ್ಲಿ ಸ್ಯಾಮ್ಯುಯೆಲ್ ಸೀವಾಲ್‌ನನ್ನು ಮದುವೆಯಾದಾಗ, ತಂದೆ ಅವಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಮುಳ್ಳು ನಡುವಿಗೆ ಬರುವವರೆಗೂ ಇನ್ನೊಂದು ತಟ್ಟೆಗೆ ಪೈನ್ ಮರದ ಷಿಲಿಂಗುಗಳನ್ನು ಸುರಿದನಂತೆ. ತುಲಾಭಾರದ ಕಥೆ ಕೇಳಿ ಬೆಳೆದವನಾದ್ದರಿಂದ ನನಗೆ ಇದು ಹೊಸದೆನಿಸಲಿಲ್ಲ. ಆದರೆ ಇಲ್ಲಿ ತುಲಸೀದಳದ ಮಹಿಮೆಯ ಬದಲು ಅಕ್ಕಸಾಲಿಗನ ಲೆಕ್ಕವಿದೆ. ಅಲ್ಲಿಯೇ ಕುಳಿತು ನಾನೂ ಲೆಕ್ಕ ಹಾಕಿದೆ. ವರದಕ್ಷಿಣೆ 500 ಪೌಂಡ್, ಅಂದರೆ 10,000 ಷಿಲಿಂಗು. ಒಂದೊಂದರ ತೂಕ 72 ಗ್ರೇನ್, ಅಂದರೆ ಸುಮಾರು 4.67 ಗ್ರಾಂ, ಒಟ್ಟು ಬೆಳ್ಳಿ 46 ಕಿಲೋ ದಾಟುತ್ತದೆ. ಮದುವೆಯ ವಯಸ್ಸಿನ ಹುಡುಗಿಗೆ ಸಲ್ಲುವ ತೂಕವೇ! ಹನ್ನಾಳನ್ನು ಯಾರೂ ತಕ್ಕಡಿಗೆ ಏರಿಸಿರಲಿಕ್ಕಿಲ್ಲ. ಯಾರೋ ನನ್ನಂತೆಯೇ ಗುಣಿಸಿ ನೋಡಿ ಕಥೆ ಹೆಣೆದಿರಬೇಕೆಂದು ನನ್ನ ಊಹೆ.

ಇದೇ ನಾಣ್ಯಕ್ಕೆ ಕತ್ತಲೆಯ ಕಥೆಯೂ ಒಂದಿದೆ. 1692ರಲ್ಲಿ ಮ್ಯಾಸಚೂಸೆಟ್ಸಿನ ಸೇಲಂನಲ್ಲಿ ಮಾಟಗಾತಿಯರೆಂದು ಜನರನ್ನು ಗಲ್ಲಿಗೇರಿಸುತ್ತಿದ್ದ ಕಾಲದಲ್ಲಿ, ಬಾಗಿಸಿದ ಷಿಲಿಂಗು ಮೈಮೇಲಿದ್ದರೆ ಮಾಟ ತಟ್ಟುವುದಿಲ್ಲವೆಂದು ಜನ ನಂಬಿದ್ದರೆಂದು ಹೇಳುತ್ತಾರೆ. ಆ ವಿಚಾರಣೆಯ ನ್ಯಾಯಾಧೀಶರಲ್ಲಿ ಒಬ್ಬ, ಹಲ್‌ನ ಅಳಿಯ ಸೀವಾಲ್‌ನೇ. 1697ರಲ್ಲಿ ಅವನು ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡ. ಅವನ ಸಮಾಧಿಯೂ ಇದೇ ಗ್ರಾನರಿಯಲ್ಲಿದೆ.

ಮಧ್ಯಾಹ್ನ ನಾರ್ತ್ ಎಂಡಿನ ಕಾಪ್ಸ್ ಹಿಲ್ ಏರಿ ಹಲ್ ಬೀದಿಗೆ ಹೋದೆ. ಮಾವನಿಂದ ಬಂದ ಹುಲ್ಲುಗಾವಲಿನಲ್ಲಿ ಈ ದಾರಿಗೆ ಜಾಗ ಬಿಟ್ಟುಕೊಡುವಾಗ, ಹೆಸರು ಎಂದೆಂದಿಗೂ ಹಲ್ ಎಂದೇ ಇರಬೇಕೆಂದು ಸೀವಾಲ್ ದಂಪತಿ ಷರತ್ತು ಹಾಕಿದ್ದರು. ಮೂಲೆಯ ಫಲಕದಲ್ಲಿ ಈಗಲೂ ಅದೇ ಹೆಸರಿದೆ.