ನಿಮ್ಮ ಅಮ್ಮಮ್ಮ ಏನು ತಿಂತಿದ್ರು?

"ನಿಮ್ಮ ಅಮ್ಮಮ್ಮ 97 ವರ್ಷ ಬದುಕಿದ್ರಲ್ಲ, ಏನು ತಿಂತಿದ್ರು? ಗುಟ್ಟೇನು?"

ಮದುವೆ ಮನೆಯಲ್ಲಿ ಪಂಕ್ತಿಗೆ ಕೂತಾಗ ಕೇಳುತ್ತಾರೆ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೂ ಕೇಳುತ್ತಾರೆ. ಎಷ್ಟೋ ಸಲ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ: "ಹಿಂದಿನವರು ಮೈಮುರಿದು ದುಡಿತಿದ್ರು, ಅದಕ್ಕೇ ಗಟ್ಟಿ." ಈ ಮಾತು ನನಗೆ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಊಟದ ವಿಷಯ ಮುಗಿಸಿಬಿಡೋಣ. ನಮ್ಮ ಸೀಮೆಯ ಎಲ್ಲ ಮನೆಗಳಲ್ಲಿ ಉಣ್ಣುವುದನ್ನೇ ಅವಳೂ ಉಂಡಳು. ಬೆಳಿಗ್ಗೆ ದೋಸೆ. ಮಧ್ಯಾಹ್ನ ಅನ್ನದ ಜೊತೆ ಒಂದೆಲಗದ್ದೋ ದೊಡ್ಡಪತ್ರೆಯದ್ದೋ ತಂಬುಳಿ, ಕೊನೆಗೆ ಮಜ್ಜಿಗೆ. ಮೇಲೊಂದು ಎಲೆಅಡಿಕೆಯ ಕವಳ. ಕವಳ ಒಳ್ಳೆಯದಲ್ಲ ಅಂತ ಡಾಕ್ಟರು ಹೇಳಿದರೂ ಬಿಡಲಿಲ್ಲ. ಇದೇ ಊಟ ಉಂಡ ಎಷ್ಟೋ ಜನ ಅರವತ್ತಕ್ಕೇ ಹೋಗಿದ್ದಾರೆ.

ಇನ್ನು ದುಡಿಮೆ. ಅಮ್ಮಮ್ಮ ಹುಟ್ಟಿದ್ದು 1924ರಲ್ಲಿ, ಸಿದ್ದಾಪುರದ ಕಡೆ. ನಮ್ಮ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರನಿರಾಕರಣೆ ಚಳವಳಿಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಜಮೀನು ಕಳೆದುಕೊಂಡಾಗ ಅವಳಿನ್ನೂ ಸಣ್ಣ ಹುಡುಗಿ. ಸರ್ಕಾರದವರು ಪಕ್ಕದ ಮನೆಯ ಹಂಡೆ, ಚರಿಗೆ ಹೊತ್ತುಕೊಂಡು ಹೋದದ್ದನ್ನು ಮುದುಕಿಯಾದ ಮೇಲೂ ಸಿಟ್ಟಿನಿಂದಲೇ ಹೇಳುತ್ತಿದ್ದಳು. ಹದಿನಾಲ್ಕಕ್ಕೆ ಮದುವೆಯಾಗಿ ನಮ್ಮ ಮನೆಗೆ ಬಂದಳು. ಕೊಟ್ಟಿಗೆ, ಒಲೆ, ತೋಟ. ಬೆಟ್ಟದಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ಹೊರುವುದು. ಏಳು ಹೆರಿಗೆ, ಉಳಿದದ್ದು ಐದು ಮಕ್ಕಳು.

ಅಡಿಕೆಯ ಕೊನೆಕೊಯ್ಲು ಶುರುವಾದರೆ ರಾತ್ರಿಯೂ ಅವಳದ್ದಲ್ಲ. ಜಗುಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯಬೇಕು. ಇವತ್ತು ನಮ್ಮ ಮನೆ, ನಾಳೆ ಅವರ ಮನೆ. ಸುಲಿದದ್ದನ್ನು ಚೊಗರು, ಅಂದರೆ ಮೊದಲು ಅಡಿಕೆ ಬೇಯಿಸಿದ ಒಗರು ನೀರು, ಹಾಕಿದ ಹಂಡೆಯಲ್ಲಿ ಬೇಯಿಸಿ ಬಿಸಿಲಿಗೆ ಹರವಬೇಕು. ಶಿರಸಿ ಸುಪಾರಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು ಅಂತ ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಅವಳ ಬಲಗೈ ಹೆಬ್ಬೆರಳು. ಅಡಿಕೆ ಒಗರಿಗೆ ಕಪ್ಪಾಗಿ, ಉಗುರಿನ ಬದಿಯಲ್ಲಿ ಉದ್ದಕ್ಕೆ ಸೀಳಿರುತ್ತಿತ್ತು. ಆ ಸೀಳಿಗೆ ತೆಂಗಿನೆಣ್ಣೆ ಸವರಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಅದೇ ಕೈಯಲ್ಲಿ ಹಾಲು ಕರೆಯಬೇಕು.

ಇಷ್ಟೇ ಕೆಲಸ ಮಾಡಿದ ಇನ್ನೊಬ್ಬಳು ಅದೇ ಮನೆಯಲ್ಲಿದ್ದಳು. ಅಮ್ಮಮ್ಮನ ವಾರಗಿತ್ತಿ. ಅದೇ ಒಲೆ, ಅದೇ ಬೆಟ್ಟ, ಅದೇ ಊಟ. ಮೂರನೇ ಹೆರಿಗೆಯಲ್ಲಿ ತೀರಿಕೊಂಡಳು. ಆಷಾಢದ ಮಳೆ, ಹಳ್ಳ ತುಂಬಿ ದಾಟಲು ಆಗಲಿಲ್ಲ, ಪೇಟೆಗೆ ಒಯ್ಯುವುದೆಲ್ಲಿಂದ ಬಂತು. ದುಡಿಮೆಯೇ ಆಯಸ್ಸು ಕೊಡುವುದಾದರೆ ಅವಳಿಗೆ ಯಾಕೆ ಕೊಡಲಿಲ್ಲ? ಅವಳದ್ದೊಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಬದುಕಿ ಉಳಿದವರನ್ನು ನೋಡಿ ನಾವು ಗುಟ್ಟು ಹುಡುಕುತ್ತೇವೆ. ಹೋದವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹಾಗಾದರೆ ಅಮ್ಮಮ್ಮ ಅಷ್ಟು ವರ್ಷ ಹೇಗೆ ಉಳಿದಳು? ಅದೃಷ್ಟದ ಪಾಲು ದೊಡ್ಡದು. ಅದರ ಜೊತೆ, ಕೆಲಸ ಬಿಡುವುದು ಅವಳಿಗೆ ಗೊತ್ತಿತ್ತು. ನಮ್ಮ ಕಡೆ ಹಿರಿಯರು ಅಡಿಗೆಮನೆಯ ಯಜಮಾನಿಕೆ ಸುಲಭಕ್ಕೆ ಬಿಡುವುದಿಲ್ಲ. ಅವಳು ಅರವತ್ತು ದಾಟುತ್ತಿದ್ದ ಹಾಗೇ ಆಯಿಯನ್ನು, ಅಂದರೆ ನನ್ನ ಅಮ್ಮನನ್ನು, ಕರೆದು ಹೇಳಿದಳಂತೆ: "ಒಲೆ ಇನ್ನು ನಿಂದು. ಮಿಡಿ ಭರಣಿ ಮಾತ್ರ ಯಂದು."

ಆ ಉಪ್ಪಿನಕಾಯಿ ಭರಣಿಯ ಕೆಲಸದಲ್ಲಿ ಅವಳಿಗೆ ಸರಿಸಮ ಯಾರೂ ಇರಲಿಲ್ಲ. ಅಪ್ಪೆಮಿಡಿ ಅಂದರೆ ಪರಿಮಳದ ಎಳೆ ಮಾವಿನಕಾಯಿ; ಅದನ್ನು ಮರ ಹತ್ತಿಯೇ ಕೊಯ್ಯಬೇಕು, ಉದುರಿ ಪೆಟ್ಟಾದದ್ದು ನಡೆಯದು. ತೊಟ್ಟು ಮುರಿದು ಸೊನೆಯ ಪರಿಮಳ ನೋಡಿ, ಇದು ಯಾವ ಹೊಳೆದಂಡೆಯ ಮರದ್ದು ಅಂತ ಹೇಳುತ್ತಿದ್ದಳು. ಹರಳುಪ್ಪು ಒಂದು ಪದರ, ಮಿಡಿ ಒಂದು ಪದರ. ವಾರಗಟ್ಟಲೆ ಬಿಟ್ಟು ಮಿಡಿ ಚಿರುಟಿದ ಮೇಲೆ, ಅದೇ ಉಪ್ಪುನೀರಿಗೆ ಸಾಸಿವೆ, ಮೆಣಸು ಬೀಸಿ ಹಾಕಬೇಕು. ತೊಂಬತ್ತರಲ್ಲೂ ಕುರ್ಚಿಯಲ್ಲಿ ಕೂತೇ ಇದನ್ನೆಲ್ಲ ಮಾಡಿಸಿದಳು. ಯಾವ ಮಗಳ ಮನೆಗೆ ಎಷ್ಟು, ಯಾವ ಮೊಮ್ಮಗನಿಗೆ ಖಾರ ಕಮ್ಮಿ, ಎಲ್ಲ ಬಾಯಲ್ಲೇ ಲೆಕ್ಕ. ಮನೆಗೆ ಯಾರೇ ಬರಲಿ, ಮೊದಲ ಮಾತು "ಆಸ್ರಿಗೆ (ಕುಡಿಯಲು) ಎಂತ ಬೇಕು?" ಅಂತಲೇ. ಅವಳನ್ನು ಕೇಳದೆ ಮನೆಯಲ್ಲಿ ಯಾವುದೂ ನಡೆಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಹೆಂಗಸರು, ಗಂಡಸರು ಕಾಡಿನ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ ಸುದ್ದಿ ಬಂದಾಗ, "ಬೆಟ್ಟ ಹೋದ್ರೆ ತೋಟ ಎಲ್ಲಿ ಉಳಿತು?" ಅಂತ ಜಗುಲಿಯಲ್ಲಿ ಗಂಡಸರ ಮಧ್ಯೆ ಕೂತು ವಾದ ಮಾಡಿದ್ದಳಂತೆ. ಅಂಥ ಹೆಂಗಸು.

ಯಾರೂ ಕೇಳದ ಇನ್ನೊಂದು ಸಂಗತಿ ಇದೆ. ಅವಳ ಕೊನೆಯ ಹತ್ತು ವರ್ಷ ನಮ್ಮ ಆಯಿಯದ್ದು. ಮೀಸಿದ್ದು, ಬಟ್ಟೆ ಬದಲಿಸಿದ್ದು, ರಾತ್ರಿ ಎರಡೆರಡು ಸಲ ಎದ್ದು ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದದ್ದು ಆಯಿ. ಅನ್ನ ಮಿದ್ದು ಮೆತ್ತಗೆ ಮಾಡಿ ಉಣಿಸಿದ್ದೂ ಅವಳೇ. ತೋಟದ ಕೆಲಸ ಒಂದು ದಿನವೂ ತಪ್ಪಲಿಲ್ಲ. 2021ರ ಮಳೆಗಾಲದಲ್ಲಿ ಅಮ್ಮಮ್ಮ ಹೋದಾಗ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇರಲಿಲ್ಲ. 97 ವರ್ಷ ಅಂತ ಎಲ್ಲರೂ ಹೇಳುತ್ತಾರಲ್ಲ, ಅದರಲ್ಲಿ ಆಯಿಯ ಬೆವರು ಎಷ್ಟಿದೆ ಅಂತ ಹೇಳುವವರಿಲ್ಲ.

ಆಯಿಗೆ ಈಗ ಎಪ್ಪತ್ತು ದಾಟಿದೆ. ಮೊಣಕಾಲು ಸವೆದಿದೆ, ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾಳೆ. ಸುಲಿಯಲು ಈಗ ಮಷಿನ್ ಇದೆ. ಕೊಟ್ಟಿಗೆಯಲ್ಲಿ ಒಂದೇ ಆಕಳು ಉಳಿಸಿಕೊಂಡಿದ್ದೇವೆ. ಅದನ್ನೂ ನೋಡಿಕೊಳ್ಳಲು ಜನ ಮಾಡಿ ಅಂತ ನಾನೂ ಅಣ್ಣನೂ ಹೇಳುತ್ತಿದ್ದೇವೆ. "ಅಮ್ಮಮ್ಮ ಮಾಡಿದ್ದಿಲ್ಯಾ?" ಅನ್ನುತ್ತಾಳೆ. ಅಮ್ಮಮ್ಮ ಅರವತ್ತಕ್ಕೇ ಒಲೆ ಬಿಟ್ಟಿದ್ದಳು ಅಂತ ನಾನು ನೆನಪಿಸುತ್ತೇನೆ. ಮುಂದಿನ ವಾರ ಮೊಣಕಾಲು ತೋರಿಸಲು ಹುಬ್ಬಳ್ಳಿಗೆ ಹೊರಡಿಸಿದ್ದೇವೆ, ಬರುತ್ತೇನೆ ಅಂದಿದ್ದಾಳೆ.